ಅಮೆರಿಕದ ನೆರೆಹೊರೆಯಲ್ಲಿ ಕಾಣಸಿಗುವ ಮನುಷ್ಯರು: ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳ ಮನೆಗೆಂದು ಊರಿನಿಂದ ಅಮೆರಿಕಕ್ಕೆ ಬರುವ ಹಿರಿಯರು, ಓದಿಗೋ ಕೆಲಸಕ್ಕೋ ಹೊಸದಾಗಿ ಬಂದಿಳಿದವರು, ಇಲ್ಲಿನ ಜನರ ಕೆಲವು ಅಭ್ಯಾಸಗಳನ್ನು ಕಂಡು ನಗುತ್ತಾರೆ, ಬೆರಗಾಗುತ್ತಾರೆ, ಒಮ್ಮೊಮ್ಮೆ ಹೆದರಿಕೊಳ್ಳುವುದೂ ಉಂಟು. ಶಿಕಾಗೋದ ಹತ್ತಿರ ಇಪ್ಪತ್ತು ವರ್ಷಕ್ಕೂ ಮಿಕ್ಕಿ ವಾಸವಾಗಿರುವ ನನ್ನನ್ನು ಅವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಉತ್ತರಗಳೊಡನೆ ಇಲ್ಲಿ ಕೊಟ್ಟಿದ್ದೇನೆ.

ಇದು ಯಾವ ಬಗೆಯ ವರ್ಗೀಕರಣ? ಜನರನ್ನು ಹೀಗೆ ವಿಂಗಡಿಸುವುದು ಸರಿಯೇ?

ಇಲ್ಲಿ ವಿಂಗಡಿಸಿರುವುದು ಅಭ್ಯಾಸಗಳನ್ನು. ಮೈಬಣ್ಣ, ಧರ್ಮ, ಮೂಲ, ಮತ ಹಾಕುವ ಪಕ್ಷ ಇವುಗಳಲ್ಲಿ ಯಾವುದನ್ನೂ ಆಧಾರವಾಗಿ ಇಟ್ಟುಕೊಂಡಿಲ್ಲ. ಒಬ್ಬನೇ ಮನುಷ್ಯ ಜನವರಿಯಲ್ಲಿ ಒಂದು ಪಂಗಡಕ್ಕೂ ಜೂನ್‌ನಲ್ಲಿ ಮತ್ತೊಂದು ಪಂಗಡಕ್ಕೂ ಸೇರಬಹುದು. ನಿವೃತ್ತನಾದ ಮೇಲೆ ಮೂರನೆಯದಕ್ಕೆ ಹೋಗಬಹುದು. ಯಾವುದೇ ಪಂಗಡವನ್ನು ಪಟ್ಟಿಗೆ ಸೇರಿಸುವ ಮೊದಲು ನಾನು ಎರಡು ಷರತ್ತುಗಳನ್ನು ಹಾಕಿಕೊಂಡಿದ್ದೇನೆ. ಮೊದಲನೆಯದಾಗಿ, ಆ ಅಭ್ಯಾಸ ರಸ್ತೆಯಲ್ಲಿ ನಿಂತ ಯಾರ ಕಣ್ಣಿಗಾದರೂ ಬೀಳುವಂತಿರಬೇಕು. ಎರಡನೆಯದಾಗಿ, ಅದನ್ನು ಹುಟ್ಟಿಸಿದ ಹವೆಯೋ ನೆಲವೋ ಕಾನೂನೋ ದೂರವೋ ಯಾವುದೆಂದು ನನಗೆ ತಿಳಿದಿರಬೇಕು. ಕಾರಣ ತಿಳಿಯದೆ ನಕ್ಕರೆ ಅದು ಬರಿಯ ಹೀಯಾಳಿಕೆ. ತಿಳಿದು ನಕ್ಕರೆ ನಾವೂ ಆ ಜಾಗದಲ್ಲಿ ನಿಂತಿದ್ದರೆ ಹಾಗೆಯೇ ಮಾಡುತ್ತಿದ್ದೆವು ಎಂಬ ಅರಿವು ಆ ನಗುವಿನೊಳಗೇ ಸೇರಿಕೊಳ್ಳುತ್ತದೆ.

ಅಮೆರಿಕನ್ನರೇ ತಮ್ಮನ್ನು ಹೀಗೆ ವಿಂಗಡಿಸಿಕೊಳ್ಳುತ್ತಾರೆಯೇ, ಅಥವಾ ಇದು ಹೊರಗಿನವರ ಕಣ್ಣೇ?

ಬಹಳ ಆಸಕ್ತಿಯಿಂದ ವಿಂಗಡಿಸಿಕೊಳ್ಳುತ್ತಾರೆ. ಈ ಹವ್ಯಾಸ ಅವರಿಂದ ಶುರುವಾದದ್ದಲ್ಲ. ಅರಿಸ್ಟಾಟಲನ ಶಿಷ್ಯ ಥಿಯೊಫ್ರಾಸ್ಟಸ್ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲೇ ಅಥೆನ್ಸಿನ ಬಾಯಿಬಡುಕ, ಮುಖಸ್ತುತಿಗಾರ, ಜಿಪುಣ ಮೊದಲಾದ 30 ಬಗೆಯ ಮನುಷ್ಯರನ್ನು ಚಿತ್ರಿಸಿಟ್ಟಿದ್ದಾನೆ. ನಮ್ಮ ಅಧಿಕಪ್ರಸಂಗಿ, ಊರ ಉಸಾಬರಿಯವನು, ಕೊರೆಯುವವನು ಎಂಬ ಹೆಸರುಗಳೂ ಇದೇ ಕೆಲಸ ಮಾಡುತ್ತವೆ. ಅಮೆರಿಕದಲ್ಲಿ ಈ ಹೊಣೆಯನ್ನು ಹೆಚ್ಚಾಗಿ ಹೊತ್ತುಕೊಂಡದ್ದು ಪತ್ರಿಕೆಗಳು. 1913ರಲ್ಲಿ ವ್ಯಂಗ್ಯಚಿತ್ರಕಾರ ಆರ್ಥರ್ ಮೊಮ್ಯಾಂಡ್ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ, ಪಕ್ಕದ ಮನೆಯ ಜೋನ್ಸ್ ಕುಟುಂಬಕ್ಕೆ ಸರಿಸಾಟಿಯಾಗಿ ಬಾಳಲು ಹೆಣಗುವ ಸಂಸಾರವೊಂದನ್ನು ಬರೆಯತೊಡಗಿದರು. ಆ ಜೋನ್ಸ್ ಮನೆಯವರನ್ನು ಓದುಗರಿಗೆ ತೋರಿಸದೆಯೇ ಕಥೆ ನಡೆಯಿತು, ಆದರೂ ಅವರ ಹೆಸರು ಇಂದಿಗೂ ಗಾದೆಯ ಹಾಗೆ ಬಳಕೆಯಲ್ಲಿದೆ. ದೊಡ್ಡ ನಗರದಲ್ಲಿ ಒಳ್ಳೆಯ ಸಂಬಳ ಪಡೆದು ಹುಮ್ಮಸ್ಸಿನಿಂದ ಖರ್ಚು ಮಾಡುವ ಯುವಕ ಯುವತಿಯರಿಗೆ ‘ಯಪ್ಪಿ’ ಎಂಬ ಹೆಸರು 1980ರ ಹೊತ್ತಿಗೆ ಅಚ್ಚಿನಲ್ಲಿ ಕಾಣಿಸಿಕೊಂಡಿತು. ನ್ಯೂಸ್‌ವೀಕ್ ವಾರಪತ್ರಿಕೆ 1984ನ್ನು ಯಪ್ಪಿಯ ವರ್ಷವೆಂದೇ ಸಾರಿತು.

ನನಗೆ ಹೆಚ್ಚು ಅರ್ಥಪೂರ್ಣವೆನಿಸುವುದು ‘ಸಾಕರ್ ಮಾಮ್’, ಅಂದರೆ ಮಕ್ಕಳನ್ನು ಕಾರಿನಲ್ಲಿ ಫುಟ್‌ಬಾಲ್ ಆಟಕ್ಕೆ ಕರೆದೊಯ್ದು ತರುವ ಬಡಾವಣೆಯ ತಾಯಿ, ಎಂಬ ಹೆಸರು. 1996ರಲ್ಲಿ ಬಿಲ್ ಕ್ಲಿಂಟನ್ ಮತ್ತು ಬಾಬ್ ಡೋಲ್ ನಡುವಿನ ಅಧ್ಯಕ್ಷೀಯ ಚುನಾವಣೆಯ ಸಮಯದಲ್ಲಿ ಈ ತಾಯಂದಿರ ಮತ ಯಾರಿಗೆ ಎಂಬ ಚರ್ಚೆ ಎಷ್ಟು ನಡೆಯಿತೆಂದರೆ, ಅಮೆರಿಕನ್ ಡಯಲೆಕ್ಟ್ ಸೊಸೈಟಿ ಈ ಅರ್ಥದ ‘ಮಾಮ್’ ಪದವನ್ನೇ ಆ ವರ್ಷದ ಪದವಾಗಿ ಆರಿಸಿತು. ಬಸ್ಸು ಓಡಾಡದ ಬಡಾವಣೆ, ಮನೆಯಿಂದ ಐದಾರು ಮೈಲಿ ದೂರದ ಆಟದ ಮೈದಾನ, ವಾರಕ್ಕೆ ಮೂರು ದಿನ ಅಭ್ಯಾಸ, 1983ರ ಕೊನೆಯಲ್ಲಿ ಕ್ರೈಸ್ಲರ್ ಕಂಪನಿ ಮಾರುಕಟ್ಟೆಗೆ ತಂದ ಏಳು ಜನ ಹಿಡಿಸುವ ಮಿನಿವ್ಯಾನ್ — ಇಷ್ಟು ಸೇರಿದಾಗ ಆ ತಾಯಿ ತಾನಾಗಿಯೇ ರೂಪುಗೊಳ್ಳುತ್ತಾಳೆ. ಬೆಂಗಳೂರಿನಲ್ಲಿ ಬಸ್ಸು ಹತ್ತಿ ಕಾಲೇಜಿಗೆ ಹೋಗಿದ್ದ ನನ್ನ ತಂಗಿ ಇಲ್ಲಿಗೆ ಬಂದ ನಾಲ್ಕನೆಯ ವರ್ಷಕ್ಕೆ ಅಂಥ ತಾಯಿಯಾದಳು. ಅವಳ ಗಾಡಿಯ ಹಿಂದಿನ ಸೀಟಿನ ಕೆಳಗೆ ಈಗಲೂ ಮಣ್ಣು ಮೆತ್ತಿದ ಬೂಟುಗಳಿವೆ.

ಹಿಮ ಬಿದ್ದ ಮರುದಿನ ರಸ್ತೆಯ ಅಂಚಿನಲ್ಲಿ ಮುರುಕು ಕುರ್ಚಿಗಳನ್ನು ಇಡುವವರು ಯಾರು? ಏಕೆ ಇಡುತ್ತಾರೆ?

ಇವರನ್ನು ನಾನು ಕುರ್ಚಿ ಕಾವಲಿನವರು ಎಂದು ಕರೆಯುತ್ತೇನೆ. ಶಿಕಾಗೋ, ಬಾಸ್ಟನ್, ಪಿಟ್ಸ್‌ಬರ್ಗ್‌ನಂಥ ನಗರಗಳ ಹಳೆಯ ಕೇರಿಗಳಲ್ಲಿ ಅನೇಕ ಮನೆಗಳಿಗೆ ಕಾರು ನಿಲ್ಲಿಸಲು ಸ್ವಂತ ಜಾಗವಿರುವುದಿಲ್ಲ; ರಸ್ತೆಯ ಅಂಚೇ ಗತಿ. ರಾತ್ರಿ ಒಂದಡಿ ಹಿಮ ಬಿದ್ದು, ಅದರ ಮೇಲೆ ನಗರಾಡಳಿತದ ಹಿಮ ತಳ್ಳುವ ಲಾರಿ ರಸ್ತೆಯ ನಡುವಿನ ರಾಶಿಯನ್ನೆಲ್ಲ ಅಂಚಿಗೆ ಒತ್ತಿಕೊಂಡು ಹೋದರೆ, ಬೆಳಗಾಗುವಷ್ಟರಲ್ಲಿ ಕಾರು ಕಿಟಕಿಯ ಮಟ್ಟಕ್ಕೆ ಹೂತುಹೋಗಿರುತ್ತದೆ. ಸಲಿಕೆ ಹಿಡಿದು ಒಂದೆರಡು ಗಂಟೆ ಬೆನ್ನು ಬಗ್ಗಿಸಿ ಅದನ್ನು ಬಿಡಿಸಿಕೊಂಡವರು ಕೆಲಸ ಮುಗಿಸಿ ಬರುವಷ್ಟರಲ್ಲಿ, ಸಲಿಕೆ ಮುಟ್ಟದ ಇನ್ನಾರೋ ತಮ್ಮ ಕಾರನ್ನು ಆ ಜಾಗದಲ್ಲಿ ನಿಲ್ಲಿಸಿಕೊಂಡಿದ್ದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಆದ್ದರಿಂದ ಹೊರಡುವಾಗ ಅಡುಗೆಮನೆಯ ಹಳೆಯ ಕುರ್ಚಿ, ಇಸ್ತ್ರಿ ಮೇಜು, ಬಣ್ಣದ ಬಕೆಟ್ಟು, ಮಗುವಿನ ಮೂರು ಗಾಲಿಯ ಸೈಕಲ್ಲು, ಕೈಗೆ ಸಿಕ್ಕಿದ್ದನ್ನು ಗುರುತಿಗಾಗಿ ಇಟ್ಟು ಹೋಗುತ್ತಾರೆ.

ಶಿಕಾಗೋದಲ್ಲಿ ಈ ಪದ್ಧತಿಗೆ ‘ಡಿಬ್ಸ್’ ಎಂದು ಹೆಸರು. 1967ರ ಜನವರಿ 26 ಮತ್ತು 27ರಂದು ಅಲ್ಲಿ 23 ಅಂಗುಲ, ಅಂದರೆ ಸುಮಾರು 58 ಸೆಂಟಿಮೀಟರ್ ಹಿಮ ಒಂದೇ ಬಿರುಗಾಳಿಯಲ್ಲಿ ಬಿದ್ದಿತ್ತು; ನಗರದ ದಾಖಲೆಯಲ್ಲಿ ಅದಕ್ಕಿಂತ ದೊಡ್ಡ ಹಿಮಪಾತವಿಲ್ಲ. ಹಳಬರು ಕುರ್ಚಿಯ ಮಾತು ಬಂದಾಗಲೆಲ್ಲ ಆ ವರ್ಷವನ್ನು ನೆನೆಯುತ್ತಾರೆ. ಸಾರ್ವಜನಿಕ ರಸ್ತೆಯಲ್ಲಿ ಯಾರೂ ಜಾಗ ಕಾದಿರಿಸುವಂತಿಲ್ಲ ಎಂಬುದು ಕಾನೂನು. ಆದರೂ ಹಿಮ ಬಿದ್ದ ಕೂಡಲೇ ನಗರದ ಸಿಬ್ಬಂದಿ ಕುರ್ಚಿಗಳನ್ನು ಎತ್ತಿಕೊಂಡು ಹೋಗುವುದಿಲ್ಲ, ಕೆಲವು ದಿನ ತಡೆದು ಎತ್ತುತ್ತಾರೆ. ಬಾಸ್ಟನ್ನಿನಲ್ಲಿ ಹಿಮದ ತುರ್ತುಸ್ಥಿತಿ ಮುಗಿದ ಮೇಲೆ 48 ಗಂಟೆ ಹೀಗೆ ಜಾಗ ಹಿಡಿಯಲು ನಗರವೇ ಅವಕಾಶ ಕೊಟ್ಟಿದೆ. ಅದೇ ನಗರದ ಸೌತ್ ಎಂಡ್ ಕೇರಿಯವರು ಮಾತ್ರ 2015ರಲ್ಲಿ ಈ ಪದ್ಧತಿ ತಮಗೆ ಬೇಡವೆಂದು ತೀರ್ಮಾನಿಸಿದರು.

ಹಬ್ಬದ ಹಿಂದಿನ ಸಂಜೆ ಮೆಜೆಸ್ಟಿಕ್ಕಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವರಿಗೆ ಇದು ಹೊಸ ನೀತಿಯೆನಿಸದು. ಆದರೂ ನನ್ನ ಲೆಕ್ಕದಲ್ಲಿ ಒಂದು ವ್ಯತ್ಯಾಸವಿದೆ: ಟವೆಲ್ ಹಾಕಿದವನ ಹಕ್ಕು ಅವನ ಚುರುಕಿನಿಂದ ಬಂದದ್ದು, ಕುರ್ಚಿ ಇಟ್ಟವನ ಹಕ್ಕು ಅವನ ಬೆವರಿನಿಂದ ಬಂದದ್ದು. ಅದಕ್ಕಾಗಿಯೇ ಬೀದಿಯ ಉಳಿದವರು ಕುರ್ಚಿಗೆ ಅಷ್ಟು ಮರ್ಯಾದೆ ಕೊಡುತ್ತಾರೆ.

ಆ ಕುರ್ಚಿಯನ್ನು ಸರಿಸಿ ನಮ್ಮ ಕಾರು ನಿಲ್ಲಿಸಬಹುದೇ?

ಸರಿಸಬೇಡಿ. ಕಾನೂನು ನಿಮ್ಮ ಕಡೆಗಿದ್ದರೂ ಬೀದಿ ನಿಮ್ಮ ಕಡೆಗಿರುವುದಿಲ್ಲ. ಕುರ್ಚಿ ಸರಿಸಿದವರ ಕಾರಿನ ಮೇಲೆ ರಾತ್ರಿಯಿಡೀ ನೀರು ಸುರಿದು ಅದನ್ನು ಮಂಜುಗಡ್ಡೆಯ ಗೂಡಾಗಿಸಿದ ಕಥೆಗಳನ್ನು ನಿಮಗೆ ಎಲ್ಲರೂ ಹೇಳುತ್ತಾರೆ. ಇನ್ನೊಂದು ಜಾಗ ಹುಡುಕಿ, ಸಲಿಕೆ ತೆಗೆದುಕೊಳ್ಳಿ. ನೀವು ತೋಡುತ್ತಿರುವುದನ್ನು ಕಂಡ ಪಕ್ಕದ ಮನೆಯವರು ತಮ್ಮ ಸಲಿಕೆಯನ್ನೂ ತಂದು ಸೇರಿಕೊಳ್ಳುವ ಸಂಭವ ಬಹಳ ಹೆಚ್ಚು. ನನಗೆ ನನ್ನ ಬೀದಿಯವರ ಪರಿಚಯವಾದದ್ದು ಹಾಗೆಯೇ.

ನಾಲ್ಕು ದಿಕ್ಕಿನಲ್ಲೂ ‘ಸ್ಟಾಪ್’ ಫಲಕವಿರುವ ಕೂಡುರಸ್ತೆಯಲ್ಲಿ ಎಲ್ಲರೂ ಕೈಬೀಸುತ್ತಾ ನಿಂತುಬಿಡುತ್ತಾರಲ್ಲ, ಅವರು ಯಾವ ಪಂಗಡ?

‘ನೀವೇ ಮೊದಲು’ ಪಂಗಡ. ನಿಯಮ ಸರಳವಾಗಿದೆ: ಮೊದಲು ಬಂದು ನಿಂತವರು ಮೊದಲು ಹೊರಡಬೇಕು, ಇಬ್ಬರು ಒಟ್ಟಿಗೆ ಬಂದರೆ ಬಲಗಡೆಯವರಿಗೆ ದಾರಿ ಬಿಡಬೇಕು. ಟ್ರಾಫಿಕ್ ದೀಪವೂ ಪೊಲೀಸರೂ ಇಲ್ಲದೆ, ಕಣ್ಣಿನ ನೋಟದ ಮೇಲೆಯೇ ನಡೆಯಬೇಕಾದ ವ್ಯವಸ್ಥೆಯಿದು. ಆದರೆ ಮೂವರು ಏಕಕಾಲಕ್ಕೆ ಬಂದು, ಮೂವರೂ ಸಜ್ಜನರಾಗಿಬಿಟ್ಟರೆ ನಿಯಮ ಕೈಚೆಲ್ಲುತ್ತದೆ. ಒಬ್ಬರು ಕೈಬೀಸುತ್ತಾರೆ, ಎದುರಿನವರು ತಿರುಗಿ ಕೈಬೀಸುತ್ತಾರೆ, ಇಬ್ಬರೂ ಒಮ್ಮೆಗೇ ಒಂದಡಿ ಮುಂದೆ ಬಂದು ಒಮ್ಮೆಗೇ ನಿಲ್ಲುತ್ತಾರೆ. ನನ್ನ ಸಲಹೆಯೆಂದರೆ, ನಿಮ್ಮ ಸರದಿ ಬಂದಾಗ ಹಿಂಜರಿಯದೆ ಹೊರಡಿ. ಅತಿಯಾದ ಔದಾರ್ಯದಿಂದ ಅಲ್ಲಿ ಗೊಂದಲ ಹೆಚ್ಚುತ್ತದೆ.

ಇದರ ಪಕ್ಕದಲ್ಲೇ ಪಿಟ್ಸ್‌ಬರ್ಗಿನ ಚಾಲಕರನ್ನು ಇಡಬೇಕು. ಆ ಊರಿನಲ್ಲಿ ಹಸಿರು ದೀಪ ಹತ್ತಿದ ಕ್ಷಣ, ಎಡಕ್ಕೆ ತಿರುಗಬೇಕಾದ ಮೊದಲ ಕಾರು ಎದುರಿನ ನೇರ ವಾಹನಗಳಿಗಿಂತ ಮುಂಚೆ ಸರಕ್ಕನೆ ತಿರುಗಿಬಿಡುತ್ತದೆ. ಎದುರಿನವರು ಒಂದು ಗಳಿಗೆ ತಡೆದು ಅದಕ್ಕೆ ಅನುವು ಮಾಡಿಕೊಡುತ್ತಾರೆ. ಇದು ‘ಪಿಟ್ಸ್‌ಬರ್ಗ್ ಲೆಫ್ಟ್’ ಎಂದೇ ಹೆಸರಾಗಿದೆ. ಗುಡ್ಡ ಮತ್ತು ನದಿಗಳ ನಡುವೆ ಇಕ್ಕಟ್ಟಾಗಿ ಬೆಳೆದ ಆ ನಗರದ ಅನೇಕ ರಸ್ತೆಗಳಲ್ಲಿ ಎಡಕ್ಕೆ ತಿರುಗುವವರಿಗೆ ಬೇರೆ ಸಾಲು ಇಲ್ಲ, ಒಬ್ಬರು ನಿಂತರೆ ಹಿಂದಿನವರೆಲ್ಲ ನಿಲ್ಲಬೇಕು. ಕಾನೂನಿನಲ್ಲಿ ಇದಕ್ಕೆ ಸಮ್ಮತಿಯಿಲ್ಲ ಎಂಬುದನ್ನು ಹೊಸ ಚಾಲಕರು ಮರೆಯಬಾರದು.

ಪಕ್ಕದ ಮನೆಯವರು ಶನಿವಾರ ಬೆಳಿಗ್ಗೆಯೇ ಹುಲ್ಲು ಕತ್ತರಿಸುತ್ತಾರೆ. ದನವಿಲ್ಲ, ಕರುವಿಲ್ಲ, ಇಷ್ಟು ಹುಲ್ಲು ಯಾರಿಗಾಗಿ?

ನನ್ನ ಅತ್ತೆಯವರು ಬಂದ ಮೊದಲ ವಾರವೇ ಕೇಳಿದ ಪ್ರಶ್ನೆ ಇದು. ಹುಲ್ಲುಹಾಸಿನ ಉಪಾಸಕರು ಎಂಬ ಪಂಗಡ ನನ್ನ ಪಟ್ಟಿಯಲ್ಲೇ ದೊಡ್ಡದು. ಉಪಗ್ರಹದ ಚಿತ್ರಗಳ ನೆರವಿನಿಂದ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಮೆರಿಕದ ಹುಲ್ಲುಹಾಸಿನ ಒಟ್ಟು ವಿಸ್ತೀರ್ಣವನ್ನು ಸುಮಾರು 1,64,000 ಚದರ ಕಿಲೋಮೀಟರ್ ಎಂದು ಅಂದಾಜು ಮಾಡಿತು. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ಬೀದರಿನಿಂದ ಚಾಮರಾಜನಗರದವರೆಗೆ ನಮ್ಮ ನೆಲವನ್ನು ಏಳು ಪಾಲು ಮಾಡಿ, ಅದರಲ್ಲಿ ಆರು ಪಾಲಿಗೆ ಹುಲ್ಲು ಹಾಸಿದಂತಾಯಿತು. ಅಮೆರಿಕದಲ್ಲಿ ನೀರು ಹಾಯಿಸಿ ಮೆಕ್ಕೆಜೋಳ ಬೆಳೆಯುವ ನೆಲಕ್ಕಿಂತಲೂ ಇದು ದೊಡ್ಡದು.

ಇದರ ಬೇರು ಹುಡುಕುತ್ತಾ ಹೋದರೆ ನ್ಯೂಯಾರ್ಕ್ ಬಳಿಯ ಲೆವಿಟ್‌ಟೌನ್ ಸಿಗುತ್ತದೆ. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಮನೆಗಳು ಬೇಕಾಗಿದ್ದಾಗ, 1947ರಿಂದ 1951ರ ನಡುವೆ ಆಲೂಗಡ್ಡೆಯ ಹೊಲಗಳಲ್ಲಿ 17,000ಕ್ಕೂ ಹೆಚ್ಚು ಮನೆಗಳನ್ನು ಒಂದೇ ಅಚ್ಚಿನಲ್ಲಿ ಎಬ್ಬಿಸಿದ ಬಡಾವಣೆಯದು. ಬೇಲಿ ಹಾಕಬಾರದು, ವಾರಕ್ಕೊಮ್ಮೆ ಹುಲ್ಲು ಕತ್ತರಿಸಲೇಬೇಕು ಎಂಬ ನಿಬಂಧನೆಗಳನ್ನು ಅಲ್ಲಿ ಮನೆಯೊಡನೆಯೇ ಕೊಡಲಾಯಿತು. ಬೇಲಿಯಿಲ್ಲದಿದ್ದರೆ ಒಬ್ಬರ ಹುಲ್ಲು ಮತ್ತೊಬ್ಬರ ಹುಲ್ಲಿಗೆ ಸೇರಿಕೊಂಡು ಇಡೀ ಬೀದಿ ಒಂದೇ ಹಸಿರು ಹಾಸಾಗಿ ಕಾಣುತ್ತದೆ. ಅದರಲ್ಲಿ ಒಬ್ಬರು ಸೋಮಾರಿಯಾದರೂ ಎಲ್ಲರ ಕಣ್ಣಿಗೆ ಬೀಳುತ್ತದೆ. ಇಂದಿಗೂ ಅನೇಕ ಊರುಗಳಲ್ಲಿ ಹುಲ್ಲು ಇಂತಿಷ್ಟು ಅಂಗುಲಕ್ಕಿಂತ ಎತ್ತರ ಬೆಳೆದರೆ ನೋಟಿಸು ಬರುತ್ತದೆ, ಮಣಿಯದಿದ್ದರೆ ದಂಡ ಬೀಳುತ್ತದೆ. ಬಡಾವಣೆಯ ಮನೆಮಾಲೀಕರ ಸಂಘವಿದ್ದರಂತೂ ಅದರ ನಿಯಮ ನಗರದ ನಿಯಮಕ್ಕಿಂತ ಬಿಗಿಯಾಗಿರುತ್ತದೆ.

ಉಪಾಸಕರಲ್ಲಿ ಒಳಪಂಗಡಗಳಿವೆ. ಈ ವಾರ ಕರ್ಣರೇಖೆಯಲ್ಲಿ ಕತ್ತರಿಸಿದರೆ ಮುಂದಿನ ವಾರ ಅದಕ್ಕೆ ಅಡ್ಡವಾಗಿ ಕತ್ತರಿಸಿ ಚದುರಂಗದ ಮನೆಗಳನ್ನು ಮೂಡಿಸುವವರು ಒಂದು ಬಗೆ. ಡ್ಯಾಂಡಿಲಯನ್ ಎಂಬ ಹಳದಿ ಹೂವಿನ ಕಳೆಯನ್ನು ಮಂಡಿಯೂರಿ ಬೇರುಸಹಿತ ಕೀಳುವವರು ಮತ್ತೊಂದು ಬಗೆ. ಎಲ್ಲೆಗೆರೆಯಿಂದ ಒಂದಡಿ ಆಚೆಗೆ, ಪಕ್ಕದವರ ಹುಲ್ಲನ್ನೂ ಕತ್ತರಿಸಿ ಉಪಕಾರ ಮಾಡುವವರದು ನನಗೆ ಬಹಳ ಪ್ರಿಯವಾದ ಬಗೆ. ಇವರೆಲ್ಲ ಹೆಮ್ಮೆಯಿಂದ ಬೆಳೆಸುವ ಕೆಂಟಕಿ ಬ್ಲೂಗ್ರಾಸ್ ಎಂಬ ಹುಲ್ಲು ಕೆಂಟಕಿಯದಲ್ಲ, ಯೂರೋಪಿನಿಂದ ವಲಸೆ ಬಂದದ್ದು ಎಂಬುದನ್ನು ವಲಸಿಗನಾದ ನಾನು ಪ್ರೀತಿಯಿಂದ ನೆನೆಯುತ್ತೇನೆ.

ಕಾಲ ಬದಲಾಗುತ್ತಿರುವುದನ್ನೂ ಹೇಳಬೇಕು. ನೀರಿನ ಬರವಿರುವ ನೆವಾಡ ರಾಜ್ಯ 2021ರಲ್ಲಿ ಮಾಡಿದ ಕಾನೂನು, ಲಾಸ್ ವೇಗಸ್ ಪ್ರದೇಶದಲ್ಲಿ ರಸ್ತೆ ವಿಭಜಕ, ಕಚೇರಿಗಳ ಮುಂಭಾಗ ಮುಂತಾದೆಡೆ ಬರಿಯ ಅಲಂಕಾರಕ್ಕಾಗಿ ಬೆಳೆಸಿದ ಹುಲ್ಲಿಗೆ ಕೊಲರಾಡೊ ನದಿಯ ನೀರು ಹಾಯಿಸುವುದನ್ನು 2026ರ ಕೊನೆಯ ಹೊತ್ತಿಗೆ ನಿಲ್ಲಿಸಬೇಕೆಂದು ವಿಧಿಸಿದೆ. ಕಾವೇರಿಯ ಹಂಚಿಕೆಯ ಮಾತು ಕೇಳುತ್ತಾ ಬೆಳೆದ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

‘ಸರಿ, ಹೊರಡೋಣ’ ಎಂದು ಹೇಳಿ ಒಂದು ಗಂಟೆಯಾದರೂ ಹೊರಡದವರು ಅಮೆರಿಕದಲ್ಲೂ ಇದ್ದಾರೆಯೇ?

ಇದ್ದಾರೆ, ಅವರ ರಾಜಧಾನಿ ಮಿನೆಸೋಟ. ನಾರ್ವೆ, ಸ್ವೀಡನ್, ಜರ್ಮನಿಗಳಿಂದ ಬಂದು ನೆಲೆಸಿದವರ ವಂಶಸ್ಥರು ಹೆಚ್ಚಾಗಿರುವ ಆ ರಾಜ್ಯದಲ್ಲಿ, ಅತಿಥಿಗಳು ಹೊರಡುವ ದೀರ್ಘ ವಿಧಿಗೆ ‘ಮಿನೆಸೋಟ ಗುಡ್‌ಬೈ’ ಎಂಬ ಹೆಸರೇ ಇದೆ. ಮೊದಲು ಅತಿಥಿ ಎರಡೂ ತೊಡೆಗಳನ್ನು ಅಂಗೈಯಿಂದ ತಟ್ಟಿ ‘ವೆಲ್’ ಎನ್ನಬೇಕು. ಅದು ಏಳುವ ಮುನ್ಸೂಚನೆ ಮಾತ್ರ. ಇಪ್ಪತ್ತು ನಿಮಿಷದ ನಂತರ ನಿಜವಾಗಿ ಎದ್ದು ಅಡುಗೆಮನೆಯ ಕಟ್ಟೆಗೆ ಒರಗಿ ನಿಲ್ಲುತ್ತಾರೆ. ಆಮೇಲೆ ಕೋಟು ಹಾಕಿಕೊಂಡು ಬಾಗಿಲ ಬಳಿ ಬೆವರುತ್ತಾ ಮಾತು, ಉಳಿದ ತಿನಿಸನ್ನು ಡಬ್ಬಿಗೆ ತುಂಬಿ ಕೊಡುವುದು, ಬೇಡ ಬೇಡವೆಂದು ಎರಡು ಸಲ ಹೇಳಿ ಮೂರನೆಯ ಸಲ ತೆಗೆದುಕೊಳ್ಳುವುದು. ಕಾರು ಸದ್ದು ಮಾಡಿದ ಮೇಲೆ ಕಿಟಕಿಯ ಗಾಜು ಇಳಿಸಿ, ಅತಿ ಮುಖ್ಯವಾದ ಸುದ್ದಿಯನ್ನು ಅಲ್ಲಿ ಹೇಳುತ್ತಾರೆ. ಕಾರು ತಿರುವು ದಾಟುವ ತನಕ ಮನೆಯವರು ಚಳಿಯಲ್ಲಿ ನಿಂತು ಕೈಬೀಸಬೇಕು.

ಇದನ್ನು ಓದಿದ ಕನ್ನಡಿಗರಿಗೆ ತಮ್ಮ ಅಜ್ಜಿಯ ಮನೆಯ ಗೇಟು ನೆನಪಾಗದಿದ್ದರೆ ಆಶ್ಚರ್ಯ. ‘ಹೋಗ್ತೀವಿ’ ಎನ್ನಬಾರದು, ‘ಬರ್ತೀವಿ’ ಎನ್ನಬೇಕೆಂಬ ಶಿಕ್ಷಣ ನಮಗೆ ಚಿಕ್ಕಂದಿನಲ್ಲೇ ಆಗಿದೆ. ಬರ್ತೀವಿ ಎಂದ ಮೇಲೆ ಕುಂಕುಮ, ಕುಂಕುಮದ ನಂತರ ಹೊಸ್ತಿಲಲ್ಲಿ ಯಾರದೋ ಮದುವೆಯ ಮಾತು, ಚಪ್ಪಲಿ ಮೆಟ್ಟಿದ ಮೇಲೆ ಉಪ್ಪಿನಕಾಯಿಯ ಬಾಟಲಿ, ಗೇಟಿಗೆ ಕೈಯಿಟ್ಟ ಮೇಲೆ ಇಡೀ ದಿನ ಆಡದೆ ಉಳಿಸಿಕೊಂಡಿದ್ದ ಆಸ್ತಿಯ ವಿಷಯ. ಮಿನಿಯಾಪೊಲಿಸ್‌ನ ನನ್ನ ಸಹೋದ್ಯೋಗಿಯೊಬ್ಬರ ತಾಯಿಯೂ ನನ್ನ ತಾಯಿಯೂ ಒಮ್ಮೆ ಭೇಟಿಯಾಗಿ, ಒಬ್ಬರಿಗೆ ಕನ್ನಡ ಬರದೆ ಇನ್ನೊಬ್ಬರಿಗೆ ಇಂಗ್ಲಿಷ್ ಬರದೆ, ಬಾಗಿಲ ಬಳಿ ಮುಕ್ಕಾಲು ಗಂಟೆ ಬೀಳ್ಕೊಂಡರು. ಎಲ್ಲಿ ನಿಲ್ಲಬೇಕು, ಯಾವಾಗ ಡಬ್ಬಿ ಕೊಡಬೇಕು, ಎಷ್ಟು ಸಲ ಬೇಡವೆನ್ನಬೇಕು ಎಂಬುದರಲ್ಲಿ ಇಬ್ಬರೂ ಒಮ್ಮೆಯೂ ತಪ್ಪಲಿಲ್ಲ.

ಕಾರಣವನ್ನು ನಾನು ಹೀಗೆ ತರ್ಕಿಸಿಕೊಂಡಿದ್ದೇನೆ. 1862ರ ಹೋಮ್‌ಸ್ಟೆಡ್ ಕಾಯ್ದೆ ಒಂದೊಂದು ಕುಟುಂಬಕ್ಕೆ 160 ಎಕರೆ, ಅಂದರೆ ಅರ್ಧ ಮೈಲಿ ಉದ್ದ ಅರ್ಧ ಮೈಲಿ ಅಗಲದ ನೆಲ ಕೊಟ್ಟಿತು. ನೆಲವನ್ನು ಪಡೆಯಬೇಕಾದರೆ ಅದರ ಮೇಲೆಯೇ ಮನೆ ಕಟ್ಟಿ ವಾಸವಾಗಿರಬೇಕಿತ್ತು. ನಮ್ಮ ರೈತರ ಹಾಗೆ ಊರೊಳಗೆ ಮನೆಯಿಟ್ಟುಕೊಂಡು ಹೊಲಕ್ಕೆ ನಡೆದು ಹೋಗುವ ಕ್ರಮ ಆದ್ದರಿಂದ ಅಲ್ಲಿ ಬೆಳೆಯಲಿಲ್ಲ. ಪ್ರತಿ ಮನೆಯೂ ತನ್ನ ಹೊಲದ ನಡುವೆ ಒಂಟಿಯಾಯಿತು. ಐದು ತಿಂಗಳ ಚಳಿಗಾಲದಲ್ಲಿ ಒಮ್ಮೆ ಸಿಕ್ಕ ನೆಂಟರನ್ನು ಸುಲಭವಾಗಿ ಬಿಟ್ಟುಕೊಡಲು ಯಾರಿಗೆ ಮನಸ್ಸು ಬರುತ್ತದೆ?

ಹಳ್ಳಿಯ ರಸ್ತೆಯಲ್ಲಿ ಎದುರಿಗೆ ಬಂದ ಅಪರಿಚಿತ ಚಾಲಕರು ಸ್ಟಿಯರಿಂಗಿನಿಂದ ಒಂದು ಬೆರಳು ಎತ್ತಿದರು. ಏನಾದರೂ ತಪ್ಪು ಮಾಡಿದೆವೇ?

ಇಲ್ಲ, ಅದು ನಮಸ್ಕಾರ. ಕಾನ್ಸಾಸ್, ನೆಬ್ರಾಸ್ಕ, ಡಕೋಟಗಳ ಕಡೆ ಇದು ಸಾಮಾನ್ಯ; ಎತ್ತುವುದು ತೋರುಬೆರಳು ಎಂಬುದನ್ನು ಗಮನಿಸಿ. ನೆಬ್ರಾಸ್ಕದ ಆರ್ಥರ್ ಕೌಂಟಿ ಬೆಂಗಳೂರು ನಗರ ಜಿಲ್ಲೆಗಿಂತ ಸ್ವಲ್ಪವೇ ಚಿಕ್ಕದು. 2020ರ ಜನಗಣತಿಯಲ್ಲಿ ಅಲ್ಲಿದ್ದವರು 434 ಜನ. ಅಂಥ ಕಡೆ ಎದುರಿಗೊಂದು ಗಾಡಿ ಬರುವುದೇ ದೊಡ್ಡ ಸಂಗತಿ, ಗಾಡಿ ಕೆಟ್ಟರೆ ನೆರವಿಗೆ ಬರಬೇಕಾದವರೂ ಅವರೇ. ನೀವೂ ಬೆರಳೆತ್ತಿ.

ಹಿಮಹಕ್ಕಿಗಳು ಎಂದರೆ ಯಾರು?

‘ಸ್ನೋಬರ್ಡ್’ ಎಂದು ಅಮೆರಿಕನ್ನರೇ ಇಟ್ಟ ಹೆಸರಿನ ಕನ್ನಡ ರೂಪವಿದು. ಉತ್ತರದ ರಾಜ್ಯಗಳ ಮತ್ತು ಕೆನಡಾದ ನಿವೃತ್ತರು ಚಳಿಗಾಲ ಬಂದೊಡನೆ ಫ್ಲಾರಿಡ, ಅರಿಜೋನ, ಟೆಕ್ಸಸ್ ಕಡೆಗೆ ಹೊರಟು ವಸಂತದಲ್ಲಿ ಮರಳುತ್ತಾರೆ. ಟೆಕ್ಸಸಿನ ರಿಯೊ ಗ್ರಾಂಡೆ ಕಣಿವೆಯಲ್ಲಿ ಇವರನ್ನು ‘ಚಳಿಗಾಲದ ಟೆಕ್ಸಸಿನವರು’ ಎಂದು ಮರ್ಯಾದೆಯಿಂದ ಕರೆಯುತ್ತಾರೆ. ಅರಿಜೋನದ ಮರುಭೂಮಿಯಲ್ಲಿರುವ ಕ್ವಾರ್ಟ್‌ಸೈಟ್ ಎಂಬ ಪುಟ್ಟ ಊರು ಬೇಸಿಗೆಯಲ್ಲಿ ಬಿಕೋ ಎನ್ನುತ್ತಿರುತ್ತದೆ. ಜನವರಿಯ ಹೊತ್ತಿಗೆ ಸುತ್ತಲಿನ ಸರ್ಕಾರಿ ಬಯಲಿನಲ್ಲಿ ಕಣ್ಣು ಹಾಯುವಷ್ಟು ದೂರ ಮನೆಯಂತಿರುವ ಗಾಡಿಗಳು ಬೀಡುಬಿಟ್ಟಿರುತ್ತವೆ. ಅಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ದೀರ್ಘಕಾಲ ತಂಗಲು ಒಕ್ಕೂಟ ಸರ್ಕಾರವೇ ಪರವಾನಗಿ ಕೊಡುತ್ತದೆ.

ಹಿಮಹಕ್ಕಿಗಳ ನಿಜವಾದ ಗುರುತು ಕೈಯಲ್ಲಿರುವ ಕ್ಯಾಲೆಂಡರು. ಫ್ಲಾರಿಡದಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ನ್ಯೂಯಾರ್ಕಿನಲ್ಲಿದೆ. ನ್ಯೂಯಾರ್ಕಿನಲ್ಲೂ ಮನೆಯಿಟ್ಟುಕೊಂಡವರು ವರ್ಷದಲ್ಲಿ 183 ದಿನಕ್ಕಿಂತ ಹೆಚ್ಚು ಅಲ್ಲಿ ಕಳೆದರೆ ಅಲ್ಲಿನ ನಿವಾಸಿಯಂತೆ ತೆರಿಗೆ ಕಟ್ಟಬೇಕಾಗಬಹುದು. ಹಾಗಾಗಿ ಮೊಮ್ಮಗನ ಹುಟ್ಟುಹಬ್ಬಕ್ಕೆ ಎರಡು ದಿನ ಹೆಚ್ಚು ಉಳಿಯಬಹುದೇ ಎಂದು ಬೆರಳೆಣಿಸುವ ತಾತಂದಿರು ಇಲ್ಲಿದ್ದಾರೆ. ಅದೇ ಬೀದಿಯಲ್ಲಿ ಪ್ರವಾಸಿ ವೀಸಾದ ಮೇಲೆ ಸಾಮಾನ್ಯವಾಗಿ ಸಿಗುವ ಆರು ತಿಂಗಳ ಗಡುವನ್ನು, ಹುಬ್ಬಳ್ಳಿಯಿಂದಲೋ ಮೈಸೂರಿನಿಂದಲೋ ಬಂದ ಇನ್ನೊಬ್ಬ ತಾತ ಎಣಿಸುತ್ತಿರುತ್ತಾರೆ. ಬೆಳಗಿನ ನಡಿಗೆಯಲ್ಲಿ ಇಬ್ಬರೂ ಭೇಟಿಯಾದರೆ ಮಾತಿಗೆ ಬರವಿಲ್ಲ.

ಮನೆಯ ಮುಂದೆ ಹಳೆಯ ಸಾಮಾನು ಹರಡಿ ಮಾರುವವರು ಬಡವರೇ?

ಅಲ್ಲ. ದೊಡ್ಡ ಮನೆ, ಅಗ್ಗದ ಸರಕು, ಹಳೆಯದನ್ನು ಕೊಳ್ಳಲು ಬೀದಿಗೆ ಬರುವ ಗುಜರಿಯವರ ಅಭಾವ — ಈ ಮೂರರಿಂದ ಗ್ಯಾರೇಜ್ ಸೇಲ್ ಹುಟ್ಟಿದೆ. ಕೊಳ್ಳುವವರಲ್ಲಿ ಮುಂಜಾವಿನ ಹಕ್ಕಿಗಳು ಎಂಬ ಪಂಗಡವನ್ನು ನೋಡಲೇಬೇಕು. ಎಂಟು ಗಂಟೆಗೆ ಆರಂಭ ಎಂದು ಫಲಕ ಹಾಕಿದ್ದರೆ ಇವರು ಆರೂವರೆಗೆ ಟಾರ್ಚು ಹಿಡಿದು ಬರುತ್ತಾರೆ. ಬೇಗ ಬರಬೇಡಿ ಎಂದು ಬರೆದರೂ ಬರುತ್ತಾರೆ. ಈ ಪಂಗಡದ ಮಹಾಜಾತ್ರೆಯೊಂದಿದೆ: 1987ರಲ್ಲಿ ಆರಂಭವಾದ ಹೆದ್ದಾರಿ 127ರ ಸೇಲ್, ಆಗಸ್ಟ್ ತಿಂಗಳ ಮೊದಲ ಗುರುವಾರದಿಂದ ಭಾನುವಾರದವರೆಗೆ ಮಿಷಿಗನ್‌ನಿಂದ ಅಲಬಾಮದವರೆಗೆ ಆರು ರಾಜ್ಯಗಳಲ್ಲಿ 690 ಮೈಲಿ ಉದ್ದಕ್ಕೂ ನಡೆಯುತ್ತದೆ. ಬೀದರಿನಿಂದ ಹೊರಟು ಚಾಮರಾಜನಗರ ದಾಟಿದ ಮೇಲೂ ಮುಗಿಯದ ಸಂತೆಯದು.

‘ಹೌ ಆರ್ ಯೂ’ ಎಂದು ಕೇಳಿ ಉತ್ತರಕ್ಕೆ ನಿಲ್ಲದೆ ಹೋಗುತ್ತಾರೆ. ಬೇಸರ ಪಟ್ಟುಕೊಳ್ಳಬೇಕೇ?

ಬೇಡ. ಅದು ಪ್ರಶ್ನೆಯ ವೇಷದಲ್ಲಿರುವ ವಂದನೆ. ನಮ್ಮಲ್ಲಿ ‘ಊಟ ಆಯ್ತಾ?’ ಎಂದು ಕೇಳಿದವರು ಊಟ ಬಡಿಸಲು ಸಿದ್ಧರಾಗಿ ನಿಂತಿರುವುದಿಲ್ಲವಷ್ಟೆ.

ಕುಂಬಳಕಾಯಿಗೆ ಕಂಬಳಿ ಹೊದಿಸುವವರು ಇದ್ದಾರೆಂಬುದು ನಿಜವೇ?

ನಿಜ. ದೈತ್ಯ ಕುಂಬಳದ ಸಾಧಕರು ಬಳ್ಳಿಯಲ್ಲಿ ಕಚ್ಚಿದ ಕಾಯಿಗಳಲ್ಲಿ ಒಂದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಕಿತ್ತುಹಾಕುತ್ತಾರೆ, ಬಿಸಿಲಿಗೆ ನೆರಳು ಕಟ್ಟುತ್ತಾರೆ, ರಾತ್ರಿಯ ಚಳಿಗೆ ಹೊದಿಕೆ ಹೊದಿಸುತ್ತಾರೆ. ಕ್ಯಾಲಿಫೋರ್ನಿಯದ ಹಾಫ್ ಮೂನ್ ಬೇ ಎಂಬಲ್ಲಿ ಪ್ರತಿ ಅಕ್ಟೋಬರಿನಲ್ಲಿ ತೂಕದ ಸ್ಪರ್ಧೆ ನಡೆಯುತ್ತದೆ. 2023ರಲ್ಲಿ ಮಿನೆಸೋಟದಿಂದ ಲಾರಿಯಲ್ಲಿ ಅರ್ಧ ದೇಶ ದಾಟಿ ಬಂದ ಕಾಯಿಯೊಂದು 2,749 ಪೌಂಡ್, ಅಂದರೆ 1,247 ಕಿಲೋ ತೂಗಿ ಅಂದಿನ ವಿಶ್ವದಾಖಲೆಯಾಯಿತು. ಅದರಿಂದ ಹುಳಿ ಮಾಡಲಾಗುವುದಿಲ್ಲ, ರುಚಿ ಸಪ್ಪೆ. ಆದರೂ ಆರು ತಿಂಗಳು ಒಂದು ಕಾಯಿಯನ್ನು ಮಗುವಿನಂತೆ ನೋಡಿಕೊಂಡವರ ಮುಖದ ಮೇಲಿನ ತೃಪ್ತಿಯನ್ನು ನಾನು ಜಿಲ್ಲಾ ಜಾತ್ರೆಯಲ್ಲಿ ಹತ್ತಿರದಿಂದ ಕಂಡಿದ್ದೇನೆ, ಅದು ದೊಡ್ಡದು.

ಇಂಥ ಹೆಸರುಗಳಿಂದ ಯಾರಿಗೂ ನೋವಾಗುವುದಿಲ್ಲವೇ?

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಎಲ್ಲೆಡೆಯೂ ಇರುತ್ತಾರೆ. ಅವರು ನಕ್ಕು ಸುಮ್ಮನಾಗುತ್ತಾರೆ. ಆದರೆ ನಿಜವಾಗಿ ಗಾಯ ಮಾಡುವ ಹೆಸರುಗಳೂ ಇವೆ, ಅವುಗಳಲ್ಲಿ ‘ಕ್ಯಾರೆನ್’ ಒಂದು. ತನಗೆ ಬೇಕಾದ್ದು ಆಗದಿದ್ದರೆ ಮ್ಯಾನೇಜರನ್ನು ಕರೆಯಿರಿ ಎಂದು ಅಂಗಡಿಯ ಹುಡುಗರ ಮೇಲೆ ಹರಿಹಾಯುವ, ಕಪ್ಪು ವರ್ಣದ ನೆರೆಯವರ ಮೇಲೆ ಕಾರಣವಿಲ್ಲದೆ ಪೊಲೀಸರನ್ನು ಕರೆಯುವ ಮಹಿಳೆಯರನ್ನು ಗುರುತಿಸಲು ಹುಟ್ಟಿದ ಈ ಹೆಸರು 2020ರಲ್ಲಿ ದೇಶವ್ಯಾಪಿಯಾಯಿತು. ಅದು ಎತ್ತಿ ತೋರಿದ ಅನ್ಯಾಯ ನಿಜವಾದದ್ದು, ಅದನ್ನು ಖಂಡಿಸಲೇಬೇಕು. ಆದರೆ 1965ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಇಟ್ಟ ಹೆಸರುಗಳಲ್ಲಿ ಕ್ಯಾರೆನ್ ಮೂರನೆಯ ಸ್ಥಾನದಲ್ಲಿತ್ತು. ನಮ್ಮ ಊರಿನ ಗ್ರಂಥಾಲಯದಲ್ಲಿ ನನ್ನ ಮಕ್ಕಳಿಗೆ ಕಥೆ ಓದಿ ಹೇಳುತ್ತಿದ್ದ ಸೌಮ್ಯ ಸ್ವಭಾವದ ಹಿರಿಯರ ಹೆಸರೂ ಅದೇ. ಅವರು ಈಗ ಹೋಟೆಲಿನಲ್ಲಿ ತಣ್ಣಗಾದ ಸೂಪು ಬಂದರೂ ಹಿಂದಕ್ಕೆ ಕಳಿಸುವುದಿಲ್ಲವಂತೆ. ಅಭ್ಯಾಸವನ್ನು ಬಿಟ್ಟು ವ್ಯಕ್ತಿಯ ಹೆಸರಿಗೆ ಅಂಟಿಕೊಳ್ಳುವ ಯಾವ ವರ್ಗವನ್ನೂ ನಾನು ಪಟ್ಟಿಗೆ ಸೇರಿಸಿಲ್ಲ.

ಇಲ್ಲಿನ ಕನ್ನಡಿಗರು ಈ ಪಟ್ಟಿಯಲ್ಲಿ ಎಲ್ಲಿ ಬರುತ್ತಾರೆ?

ಈ ಪ್ರಶ್ನೆಯನ್ನು ನಾನು ಎದುರುಮನೆಯ ಅಮೆರಿಕನ್ ದಂಪತಿಯನ್ನೇ ಕೇಳಿದೆ. ಅವರು ತಡವರಿಸದೆ ಎರಡು ಗುರುತು ಹೇಳಿದರು. ವರ್ಷಕ್ಕೆ ನಾಲ್ಕೈದು ದಿನ ನಿಮ್ಮ ಬಾಗಿಲ ಮುಂದೆ ಐವತ್ತು ಜೊತೆ ಚಪ್ಪಲಿಗಳಿರುತ್ತವೆ ಎಂಬುದು ಒಂದು. ಹೊರಗೆ ಕೊರೆಯುವ ಚಳಿಯಿದ್ದರೂ ಗ್ಯಾರೇಜಿನ ಬಾಗಿಲನ್ನು ಅರ್ಧ ಎತ್ತಿಕೊಂಡು, ಕೋಟು ತೊಟ್ಟು, ಒಳಗೆ ಏನನ್ನೋ ಕರಿಯುತ್ತಿರುತ್ತೀರಿ ಎಂಬುದು ಮತ್ತೊಂದು. ನಾನು ಕಾರಣ ವಿವರಿಸಿದೆ. ಮರದ ಚೌಕಟ್ಟಿನ ಮನೆ, ಒಂದೇ ಕೊಳವೆಯ ಜಾಲದಲ್ಲಿ ಎಲ್ಲ ಕೋಣೆಗೂ ಸುತ್ತುವ ಗಾಳಿ, ಬಾಣಲೆ ಕಾದರೆ ಸಾಕು ಕಿರುಚಿಕೊಳ್ಳುವ ಹೊಗೆಯ ಅಲಾರಂ; ಹಬ್ಬಕ್ಕೆ ಅಂಬೊಡೆ ಬೇಕೆಂದರೆ ಗ್ಯಾರೇಜಿನ ಒಲೆಯೇ ದಾರಿ. ಅವರು ಗಂಭೀರವಾಗಿ ತಲೆಯಾಡಿಸಿ, ನಮ್ಮನ್ನು ಗ್ಯಾರೇಜ್ ಬಾಣಸಿಗರು ಎಂದು ಕರೆಯಬಹುದೇ ಎಂದು ಅನುಮತಿ ಕೇಳಿದರು. ಸಂತೋಷದಿಂದ ಒಪ್ಪಿಕೊಂಡೆ.

ಆ ಸಲದ ಯುಗಾದಿಗೆ ಹೋಳಿಗೆ ತುಂಬಿ ಕೊಟ್ಟ ಡಬ್ಬಿ ಅವರ ಮನೆಯಲ್ಲೇ ಉಳಿದಿತ್ತು. ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ನಮ್ಮ ಕಡೆಯ ಮಾತನ್ನು ನನ್ನ ಹೆಂಡತಿ ಯಾವಾಗಲೋ ಅವರಿಗೆ ಹೇಳಿದ್ದಳು. ಆಗಸ್ಟಿನಲ್ಲಿ ಅವರ ಹಿತ್ತಲಿನ ಜುಕೀನಿ ಬಳ್ಳಿ ಮಿತಿಮೀರಿ ಫಲ ಕೊಟ್ಟಾಗ ಅದರಿಂದ ಮಾಡಿದ ಬ್ರೆಡ್ಡನ್ನು ತುಂಬಿಕೊಂಡು ಡಬ್ಬಿ ಮನೆಗೆ ಬಂತು. ಈಗ ಅದು ನಮ್ಮ ಅಡುಗೆಮನೆಯ ಕಟ್ಟೆಯ ಮೇಲಿದೆ. ಏನು ಹಾಕಿ ಕಳಿಸುವುದೆಂದು ಕೇಳಿದರೆ, ಚಕ್ಕುಲಿಯಾದರೆ ಹೆಚ್ಚು ದಿನ ಇರುತ್ತದೆ ಎಂದು ನನ್ನ ತಾಯಿ ಹೇಳುತ್ತಾರೆ. ಗ್ಯಾರೇಜಿನಲ್ಲಿ ಒಲೆಯನ್ನು ಆಗಲೇ ಒರೆಸಿಟ್ಟಿದ್ದಾರೆ.